ಕರಾವಳಿಯಲ್ಲಿ ಕನ್ವರ್ಟಿಬಲ್: ಇಬ್ಬರು ಮಕ್ಕಳಿರುವ ಮನೆಗೆ ಯಾವುದು ಆದೀತು?

ಬಿಜೈ ಡ್ರೈವರ್:

ಮಂಗಳೂರಲ್ಲಿ ಮನೆ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂಬತ್ತು. ಇನ್ನೋವಾ ಉಂಟು, ಅದನ್ನು ಕೊಡುವುದಿಲ್ಲ. ಅದರ ಜೊತೆಗೆ ಟಾಪ್ ತೆರೆಯುವ ಒಂದು ಕಾರು ತೆಗೆದುಕೊಳ್ಳಬೇಕು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಓಡಾಟ ಹೆಚ್ಚಾಗಿ ಭಾನುವಾರ: ಉಡುಪಿ, ಮರವಂತೆ, ಅಪರೂಪಕ್ಕೆ ಆಗುಂಬೆ. ಹೆಂಡತಿಯೂ ಓಡಿಸ್ತಾಳೆ. ಪಟ್ಟಿಯಲ್ಲಿ ಇರುವುದು ಬಿಎಂಡಬ್ಲ್ಯು ಝಡ್4 ಎಂ40ಐ, ಮರ್ಸಿಡಿಸ್ ಸಿಎಲ್‌ಇ 300 ಕ್ಯಾಬ್ರಿಯೊಲೆ, ಎಎಂಜಿ ಎಸ್‌ಎಲ್ 55, ಪೋರ್ಷೆ 911 ಕರೆರಾ ಕ್ಯಾಬ್ರಿಯೊಲೆ.

ಹಿಂದಿನ ಸೀಟಲ್ಲಿ ಮಕ್ಕಳನ್ನು ನಿಜವಾಗಿ ಕೂರಿಸ್ಲಿಕ್ಕೆ ಆಗ್ತದಾ? ಬಟ್ಟೆಯ ಟಾಪ್ ನಮ್ಮ ಮಳೆಗೆ ತಡೀತದಾ? ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಸ್ವಲ್ಪ ಕಡಿದಾಗಿದೆ, ಅದರದ್ದೂ ಚಿಂತೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಉಡುಪಿ ಟಾಪ್‌ಡೌನ್:

ನಿಮ್ಮ ಪಟ್ಟಿಯಲ್ಲಿ ಸಂಸಾರಕ್ಕೆ ಆಗುವ ಕಾರು ಒಂದೇ, ಸಿಎಲ್‌ಇ. ಕಾರಣ ಹೇಳ್ತೇನೆ.

ಝಡ್4ಗೆ ಇರುವುದು ಎರಡೇ ಸೀಟು. ಒಂದು ಮಗುವನ್ನು ಮುಂದೆ ಕೂರಿಸಿದರೆ ಇನ್ನೊಂದಕ್ಕೆ ಜಾಗ ಇಲ್ಲ. ತೊಡೆಯ ಮೇಲೆ ಕೂರಿಸುವ ಮಾತೇ ಬೇಡ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಬೇಕೇ ಬೇಕು ಅಂತ ಮೋಟಾರು ವಾಹನ ಕಾಯ್ದೆಯ 194ಬಿ ಹೇಳ್ತದೆ, ತಪ್ಪಿದರೆ 1,000 ರೂಪಾಯಿ ದಂಡ. ದಂಡ ಇರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ತೊಡೆಯ ಮೇಲಿನ ಮಗುವಿನ ಗತಿ ಏನು ಅಂತ ಯೋಚಿಸಿ.

ಎಸ್‌ಎಲ್‌ಗೆ ಹಿಂದೆ ಎರಡು ಸೀಟು ಕೊಟ್ಟಿದ್ದಾರೆ. ಆದರೆ 1.50 ಮೀಟರ್ ಎತ್ತರದವರೆಗಿನವರಿಗೆ ಮಾತ್ರ ಅಂತ ಕಂಪನಿಯೇ ಹೇಳಿದೆ. ನಿಮ್ಮ ಮಗಳು ಮೂರು ನಾಲ್ಕು ವರ್ಷದಲ್ಲಿ ಆ ಗೆರೆ ದಾಟ್ತಾಳೆ. 2023ರಲ್ಲಿ ಇಲ್ಲಿ ಬಿಟ್ಟಾಗಲೇ ಅದರ ಎಕ್ಸ್‌ಶೋರೂಂ ಬೆಲೆ 2.35 ಕೋಟಿ. ಅಷ್ಟು ಕೊಟ್ಟು ಮೂರು ವರ್ಷದ ಹಿಂದಿನ ಸೀಟು ತೆಗೆದುಕೊಂಡ ಹಾಗಾಗ್ತದೆ.

911 ಓಡಿಸ್ಲಿಕ್ಕೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ಸೀಟಿನ ಬೆನ್ನು ಬಹುತೇಕ ನೆಟ್ಟಗೆ ನಿಂತಿದೆ. ಗಾಳಿ ತಡೆಯುವ ಪರದೆ ಗುಂಡಿ ಒತ್ತಿದರೆ ಏಳ್ತದೆ, ಏಳುವುದು ಹಿಂದಿನ ಸೀಟಿನ ಮೇಲೆಯೇ. ಅಲ್ಲಿ ಮಕ್ಕಳಿದ್ದರೆ ಪರದೆ ಇಲ್ಲ, ಪರದೆ ಇದ್ದರೆ ಮಕ್ಕಳಿಲ್ಲ.

ಸಿಎಲ್‌ಇ ಗೆಲ್ಲುವುದೇ ಇಲ್ಲಿ. ಏರ್‌ಕ್ಯಾಪ್ ಅಂತ ಒಂದು ವ್ಯವಸ್ಥೆ ಉಂಟು. ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಒಂದು ಪಟ್ಟಿ ಏಳ್ತದೆ, ಹಿಂದಿನ ಸೀಟಿನ ಹಿಂದುಗಡೆ ಒಂದು ಜಾಲರಿ ಏಳ್ತದೆ. ಗಾಳಿ ನಾಲ್ಕೂ ಜನರ ತಲೆಯ ಮೇಲಿಂದ ಹಾರಿ ಹೋಗ್ತದೆ, ಹಿಂದೆ ಕೂತವರು ಜಾಗ ಬಿಡಬೇಕಾಗಿಲ್ಲ. ಎನ್‌ಎಚ್ 66ರಲ್ಲಿ ಟಾಪ್ ತೆರೆದು 80ರಲ್ಲಿ ಹೋಗುವಾಗ ಹೆಚ್ಚು ಗಾಳಿ ತಿನ್ನುವುದು ಹಿಂದಿನ ಸೀಟಿನವರೇ. ಅಲ್ಲಿ ಕೂತ ನಾಲ್ಕು ವರ್ಷದ ಮಗುವಿಗೆ ಇದು ದೊಡ್ಡ ಸಂಗತಿ. ಹಿಂದೆ ಎರಡೂ ಕಡೆ ಐಸೋಫಿಕ್ಸ್, ಅಂದರೆ ಚೈಲ್ಡ್ ಸೀಟನ್ನು ಸಿಕ್ಕಿಸುವ ಕೊಕ್ಕೆ ಉಂಟು. ಕುತ್ತಿಗೆಗೆ ಬಿಸಿಗಾಳಿ ಬಿಡುವ ಏರ್‌ಸ್ಕಾರ್ಫ್‌ಗೆ ಮಾತ್ರ ನಮ್ಮಲ್ಲಿ ಕೆಲಸ ಇಲ್ಲ.

ಟಾಪ್ ಮುಚ್ಚಿದಾಗ ಡಿಕ್ಕಿ 385 ಲೀಟರ್, ತೆರೆದಾಗ ಸುಮಾರು 295. ಝಡ್4ನಲ್ಲಿ ಎರಡೂ ಹೊತ್ತು 281.

ಕ್ಯಾನ್ವಾಸ್ ಮತ್ತು ರಬ್ಬರ್:

ಬಟ್ಟೆ ತಡೀತದೆ ಮಾರಾಯ್ರೇ. ಕನ್ವರ್ಟಿಬಲ್ ಹಾಳಾಗುವುದು ಬಟ್ಟೆಯಿಂದ ನೀರು ಸೋರಿ ಅಲ್ಲ, ಹೊರಗೆ ಹೋಗಬೇಕಾದ ನೀರು ಒಳಗೆ ನಿಂತು. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ಟಾಪಿನ ಮೇಲೆ ಬಿದ್ದ ನೀರು ಹಿಂದಿನ ಮೂಲೆಗಳಲ್ಲಿರುವ ಕಾಲುವೆಗೆ ಇಳಿದು, ಸಣ್ಣ ರಬ್ಬರ್ ಪೈಪಿನ ಮೂಲಕ ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಬೀಳಬೇಕು. ನಮ್ಮಲ್ಲಿ ಮಾವಿನ ಹೂವು, ತೆಂಗಿನ ಹಿಂಗಾರದ ಪುಡಿ, ಕೆಂಪುಮಣ್ಣಿನ ಧೂಳು ಎಲ್ಲ ಸೇರಿ ಮೇ ತಿಂಗಳಿಗೆ ಆ ಬಾಯಿಯಲ್ಲಿ ಕೆಸರು ಕಟ್ಟಿರ್ತದೆ. ಜೂನ್‌ನ ಮೊದಲ ದೊಡ್ಡ ಮಳೆಗೆ ನೀರು ಉಕ್ಕಿ ಸೀಟಿನ ಹಿಂದೆ ಇಳೀತದೆ. ಬಿಎಂಡಬ್ಲ್ಯುವಿನ ಹಳೆಯ ಇ85 ಝಡ್4ನಲ್ಲಿ ಟಾಪಿನ ಹೈಡ್ರಾಲಿಕ್ ಮೋಟರ್ ಕೂತಿರುವುದೇ ಆ ನೀರು ಇಳಿಯುವ ಮೂಲೆಯಲ್ಲಿ. ಪೈಪು ಕಟ್ಟಿದರೆ ಮೋಟರ್ ಮುಳುಗಿ ಸಾಯ್ತದೆ, ಅದನ್ನು ಬಿಚ್ಚಲಿಕ್ಕೆ ಟಾಪನ್ನೇ ಬಿಚ್ಚಬೇಕು. ಪೋರ್ಷೆಯ ಬಾಕ್ಸ್‌ಟರ್‌ನ ಮೊದಲ ತಲೆಮಾರಿನಲ್ಲಿ ಸೀಟಿನ ಕೆಳಗಿನ ಕಂಟ್ರೋಲ್ ಯೂನಿಟ್ ನೆನೆದು ಕಾರು ಸ್ಟಾರ್ಟೇ ಆಗುವುದಿಲ್ಲ.

ಪರೀಕ್ಷೆ ಸುಲಭ. ಟಾಪನ್ನು ಅರ್ಧ ಎತ್ತಿ ಕಾಲುವೆಯ ಬಾಯಿ ಹುಡುಕಿ, ಅರ್ಧ ಲೀಟರ್ ನೀರನ್ನು ಚೊಂಬಿನಿಂದ ನಿಧಾನ ಬಿಡಿ. ಕೆಳಗೆ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಅಥವಾ ಬಾಯಲ್ಲೇ ನಿಂತರೆ ಕಟ್ಟಿದೆ ಅಂತ ಅರ್ಥ. ಹುಲ್ಲು ಕತ್ತರಿಸುವ ಮೆಷಿನ್‌ಗೆ ಹಾಕುವ 2 ಮಿ.ಮೀ. ನೈಲಾನ್ ದಾರ ತೆಗೆದುಕೊಂಡು, ತುದಿಯನ್ನು ಲೈಟರ್‌ನಲ್ಲಿ ಕರಗಿಸಿ ಉರುಟು ಮಾಡಿ, ತಿರುಗಿಸ್ತಾ ಒಳಗೆ ಬಿಡಿ. ಕಬ್ಬಿಣದ ತಂತಿ ಬೇಡ, ಪೈಪು ತೂತಾಗ್ತದೆ. ಕಂಪ್ರೆಸರ್ ಗಾಳಿಯೂ ಬೇಡ. ಒತ್ತಡಕ್ಕೆ ಪೈಪು ಒಳಗೇ ಕಳಚಿಕೊಂಡರೆ ನೀರು ಸೀದಾ ಕಾರ್ಪೆಟಿಗೆ ಹೋಗ್ತದೆ, ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೇ ಕೊನೆಗೊಮ್ಮೆ ಮಾಡಿ, ಮಳೆಗಾಲದಲ್ಲಿ ಮರದ ಕೆಳಗೆ ನಿಲ್ಲಿಸುವವರಾದರೆ ತಿಂಗಳಿಗೊಮ್ಮೆ.

ಬಟ್ಟೆಗೆ ಬೇಕಾದದ್ದು ಮೃದು ಬ್ರಷ್, ಸೋಪಿನ ಖಾರ ಇಲ್ಲದ ಕಾರ್ ಶಾಂಪೂ, ಬೇಕಾದಷ್ಟು ನೀರು. ನೇಯ್ಗೆಯ ದಿಕ್ಕಿನಲ್ಲೇ ಉಜ್ಜಿ. ಪ್ರೆಷರ್ ಗನ್ನನ್ನು ಹೊಲಿಗೆಯ ಹತ್ತಿರ ತರಬೇಡಿ. ಪೂರ್ತಿ ಒಣಗಿದ ಮೇಲೆ ಬಟ್ಟೆಯ ಟಾಪಿಗೆಂದೇ ಸಿಗುವ ನೀರು ತಡೆಯುವ ಸ್ಪ್ರೇ ಹೊಡೀರಿ, ಗಾಜಿಗೂ ಪೇಂಟಿಗೂ ತಾಗದ ಹಾಗೆ ಪೇಪರ್ ಅಂಟಿಸಿ. ಮಳೆಗೆ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ. ಮೇಲೆ ಬಿದ್ದ ನೀರು ಮಣಿಮಣಿಯಾಗಿ ಉರುಳುವುದು ನಿಂತು ಬಟ್ಟೆ ಕಪ್ಪಾಗಿ ನೆನೀತಾ ಇದ್ದರೆ ಸ್ಪ್ರೇ ಮುಗಿದಿದೆ.

ನೆನೆದ ಟಾಪನ್ನು ಮಡಚಿ ಇಡಬೇಡಿ. ನಮ್ಮ ಸೆಕೆಗೂ ತೇವಕ್ಕೂ ಎರಡೇ ದಿನದಲ್ಲಿ ಒಳಗಿನ ಬಟ್ಟೆಗೆ ಬೂಷ್ಟು ಹಿಡೀತದೆ, ಆ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ಹಾಗಂತ ನಾಲ್ಕು ತಿಂಗಳು ಮುಚ್ಚಿಯೇ ಇಡುವುದೂ ತಪ್ಪು. ಬಿಸಿಲು ಬಿದ್ದ ದಿನ, ಟಾಪ್ ಒಣಗಿರುವಾಗ, ಎಂಜಿನ್ ಚಾಲೂ ಇಟ್ಟು ಒಮ್ಮೆ ತೆರೆದು ಮುಚ್ಚಿ. ರಬ್ಬರ್ ಅಂಟಿಕೊಳ್ಳುವುದಿಲ್ಲ, ಹೈಡ್ರಾಲಿಕ್ ಸೀಲ್ ಒಣಗುವುದಿಲ್ಲ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದರೆ ಒಳಗೆ ಬೆವರು ಕಟ್ಟುವುದೇ ಲಾಭ. ತೆಂಗಿನ ಮರದ ಕೆಳಗಂತೂ ನಿಲ್ಲಿಸಲೇಬೇಡಿ, ಒಂದು ಒಣಗಿದ ಮಡಲು ಬಿದ್ದರೂ ಬಟ್ಟೆ ಹರೀತದೆ.

ಮೇಲೆ ಮಾಡು ಇರುವ ಪಾರ್ಕಿಂಗ್ ಇಲ್ಲದಿದ್ದರೆ ಈ ನಾಲ್ಕರಲ್ಲಿ ಯಾವುದನ್ನೂ ತೆಗೆದುಕೊಳ್ಳಬೇಡಿ. ನಿಮಗೆ ಬೇಸ್‌ಮೆಂಟ್ ಉಂಟು, ಒಳ್ಳೆಯದಾಯ್ತು. ಆದರೆ ಮಳೆಗಾಲಕ್ಕೆ ಅಲ್ಲಿ ನೀರು ನುಗ್ಗುತ್ತದಾ ವಿಚಾರಿಸಿ.

ಆರು ಸಿಲಿಂಡರ್:

ಝಡ್4ನ್ನು ಇಷ್ಟು ಬೇಗ ಬಿಡಬೇಡಿ. ಮನೆಯಲ್ಲಿ ಇನ್ನೋವಾ ಉಂಟು ಅಂತ ಅವರೇ ಹೇಳಿದ್ದಾರೆ. ನಾಲ್ಕು ಜನ ಹೋಗುವಾಗ ಅದು, ಇಬ್ಬರು ಹೋಗುವಾಗ ಇದು. ಮೂರು ಲೀಟರ್, ಆರು ಸಿಲಿಂಡರ್, 340 ಎಚ್‌ಪಿ, 500 ಎನ್‌ಎಂ ಟಾರ್ಕ್ (ಎಳೆಯುವ ಬಲ), 100 ಮುಟ್ಟಲಿಕ್ಕೆ 4.5 ಸೆಕೆಂಡ್. ಸಿಎಲ್‌ಇ 300ರದ್ದು ಎರಡು ಲೀಟರ್ ನಾಲ್ಕು ಸಿಲಿಂಡರ್, 258 ಎಚ್‌ಪಿ, 6.6 ಸೆಕೆಂಡ್. ಸ್ಪೋರ್ಟ್ಸ್ ಕಾರು ಬೇಕು ಅನ್ನುವವರಿಗೆ ಈ ವ್ಯತ್ಯಾಸ ಆಗುಂಬೆಯ ಎರಡನೇ ತಿರುವಿಗೇ ಗೊತ್ತಾಗ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ ಝಡ್4ಗೆ 2,470 ಮಿ.ಮೀ., ಸಿಎಲ್‌ಇಗೆ 2,865. ಆ ಹೇರ್‌ಪಿನ್‌ಗಳಲ್ಲಿ ಗಿಡ್ಡ ಕಾರು ಎಷ್ಟು ಚಂದ ತಿರುಗ್ತದೆ ಅಂತ ಓಡಿಸಿಯೇ ನೋಡಬೇಕು.

ಇನ್ನೊಂದು, ನಮ್ಮಲ್ಲಿ ಮಳೆ ಹೇಳಿ ಬರುವುದಿಲ್ಲ. ಝಡ್4ನ ಟಾಪ್ 10 ಸೆಕೆಂಡಲ್ಲಿ ಮುಚ್ಚುತ್ತದೆ, 50ರ ವೇಗದವರೆಗೂ. 911ಗೆ 12 ಸೆಕೆಂಡ್, ಅದೂ 50ರವರೆಗೆ. ಎಸ್‌ಎಲ್‌ಗೆ 15, ಸಿಎಲ್‌ಇಗೆ 20, ಅವೆರಡೂ 60ರವರೆಗೆ. ಯಾವ ಕಾರೇ ಆಗಲಿ, ಹೈವೇಯಲ್ಲಿ ಹನಿ ಬಿದ್ದ ಕೂಡಲೇ ಬ್ರೇಕ್ ಒತ್ತಬೇಡಿ, ಹಿಂದೆ ಟ್ಯಾಂಕರ್ ಇರ್ತದೆ. ಎಡಕ್ಕೆ ಬಂದು ವೇಗ ಇಳಿಸಿ ಆಮೇಲೆ ಗುಂಡಿ ಒತ್ತಿ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಹತ್ತಿರ ಟಾಪ್ ತೆರೆದಿಟ್ಟು ಇಳಿಯಬೇಡಿ, ಮಂಗಗಳು ಸೀದಾ ಸೀಟಿಗೆ ಬರ್ತವೆ.

ಉಡುಪಿ ಟಾಪ್‌ಡೌನ್:

ಎಂಜಿನ್ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ತೇನೆ. ಆದರೆ ಕೇಳಿದವರ ಓಡಾಟ ಭಾನುವಾರದ್ದು, ಮಕ್ಕಳಿಗೆ ರಜೆ ಇರುವ ದಿನ. ಅವತ್ತು ಅಪ್ಪ ಅಮ್ಮ ಇಬ್ಬರೇ ಮರವಂತೆಗೆ ಹೊರಟು ಮಕ್ಕಳನ್ನು ಮನೆಯಲ್ಲಿ ಬಿಡುವುದಾ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಆ ದಾರಿಯಲ್ಲಿ ಟಾಪ್ ತೆರೆದಾಗ ಹೆಚ್ಚು ಖುಷಿ ಪಡುವುದು ಹಿಂದೆ ಕೂತ ಮಕ್ಕಳೇ. ಝಡ್4 ತಂದರೆ ಭಾನುವಾರವೂ ಇನ್ನೋವಾವೇ ಹೊರಡ್ತದೆ, ಝಡ್4 ಬೇಸ್‌ಮೆಂಟಿನಲ್ಲಿ ಬ್ಯಾಟರಿ ಇಳಿಸಿಕೊಂಡು ಕೂತಿರ್ತದೆ.

ಬಿಜೈ ಡ್ರೈವರ್:

ಹೌದು, ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಹಾಗಾದರೆ ಸಿಎಲ್‌ಇ ಕಡೆಗೇ ಮನಸ್ಸು ವಾಲ್ತಾ ಉಂಟು. ಒಂದು ಸಂಶಯ. ಹಳೆಯದರಲ್ಲಿ ಮಡಚುವ ಲೋಹದ ಟಾಪಿನ ಕಾರುಗಳು ಕಡಿಮೆಗೆ ಸಿಗ್ತವಲ್ಲ, ಮಳೆಗೆ ಅದು ಇನ್ನೂ ಒಳ್ಳೆಯದಲ್ವಾ?

ಕ್ಯಾನ್ವಾಸ್ ಮತ್ತು ರಬ್ಬರ್:

ಹಾಗೆ ಕಾಣ್ತದೆ, ಆದರೆ ಅಲ್ಲ. ಲೋಹದ ಟಾಪಿನ ಹಳೆಯ ಇ89 ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ ಎರಡಕ್ಕೂ ಎರಡೇ ಸೀಟು, ಅಲ್ಲಿಗೇ ನಿಮ್ಮ ಲೆಕ್ಕ ಮುಗೀತು. ಮೇಲಾಗಿ ಲೋಹದ ಟಾಪ್ ತುಂಡು ತುಂಡಾಗಿ ಮಡಚುವುದರಿಂದ ಪ್ರತಿ ಸಂದಿಗೂ ಒಂದು ರಬ್ಬರ್ ಸೀಲ್. ಹತ್ತು ವರ್ಷ ಉಪ್ಪುಗಾಳಿ, ಬಿಸಿಲು ತಿಂದ ರಬ್ಬರ್ ಗಟ್ಟಿಯಾಗಿ ಅಲ್ಲೇ ಸೋರ್ತದೆ. ಡಿಕ್ಕಿಯ ಕೀಲಿನ ಹತ್ತಿರ ಬಗ್ಗಿ ಬಗ್ಗಿ ವಯರ್ ತುಂಡಾದರೆ ಟಾಪ್ ಅರ್ಧದಲ್ಲೇ ನಿಲ್ತದೆ. ಇ89ರ ಡಿಕ್ಕಿ ಮುಚ್ಚಿದಾಗ 310 ಲೀಟರ್, ತೆರೆದಾಗ 180.

ಹೊಸದಾಗಲಿ ಹಳೆಯದಾಗಲಿ, ರಬ್ಬರಿಗೆ ಮೂರು ತಿಂಗಳಿಗೊಮ್ಮೆ ಸಿಲಿಕೋನ್ ಆಧಾರದ ರಬ್ಬರ್ ಕೇರ್ ಹಚ್ಚಿ. ಗ್ರೀಸ್, ತೆಂಗಿನೆಣ್ಣೆ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಬ್ಯಾಟರಿಯದ್ದೂ ಗಮನ ಇರಲಿ. ಇವುಗಳ ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ, ಹ್ಯಾಂಡಲ್ ಎಳೆದ ಕೂಡಲೇ ಗಾಜು ಸ್ವಲ್ಪ ಕೆಳಗಿಳಿದು ಸೀಲಿನಿಂದ ಬಿಡಿಸಿಕೊಳ್ಳಬೇಕು. ಬ್ಯಾಟರಿ ಇಳಿದಿದ್ದರೆ ಗಾಜು ಇಳಿಯುವುದಿಲ್ಲ. ಆಗ ಬಾಗಿಲು ಜಗ್ಗಿ ಎಳೆದರೆ ಸೀಲ್ ಹರೀತದೆ. ಎಜಿಎಂ ಬಗೆಯ ಬ್ಯಾಟರಿಗೆ ಸರಿಹೊಂದುವ, ನಿಧಾನ ಚಾರ್ಜ್ ಮಾಡ್ತಾ ಇರುವ ಟ್ರಿಕಲ್ ಚಾರ್ಜರ್ ಹಾಕಿಡ್ಲಿಕ್ಕೆ ಪಾರ್ಕಿಂಗ್ ಕಂಬಕ್ಕೊಂದು ಪ್ಲಗ್ ಪಾಯಿಂಟ್ ಮಾಡಿಸಿಕೊಳ್ಳಿ. ಸಮುದ್ರದ ಬದಿ ಹೋಗಿ ಬಂದ ದಿನ ಕಾರಿನ ಅಡಿಭಾಗ, ಚಕ್ರದ ಒಳಬದಿ ಸಿಹಿನೀರಲ್ಲಿ ತೊಳೀರಿ.

ಪಾಲಿಸಿ ಓದುವವ:

ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಸಿಎಲ್‌ಇ ಕ್ಯಾಬ್ರಿಯೊಲೆ 2024ರಲ್ಲಿ ಬಂದಾಗ ಎಕ್ಸ್‌ಶೋರೂಂ 1.10 ಕೋಟಿ. ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 18, ಅಂದರೆ ಆ ಬೆಲೆಗೆ 19.8 ಲಕ್ಷ. ಅದರ ಮೇಲೆ ಸೆಸ್ ಬೇರೆ.

ವಿಮೆಯಲ್ಲಿ ಝೀರೋ ಡೆಪ್ರಿಸಿಯೇಷನ್ (ಭಾಗ ಹಳತಾಯ್ತು ಅಂತ ದುಡ್ಡು ಕಡಿಯದ ಆಡ್‌ಆನ್, ಅಂದರೆ ಹೆಚ್ಚುವರಿ ರಕ್ಷಣೆ) ಬಿಡಬೇಡಿ. ಸಾಧಾರಣ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಅರ್ಧ ದುಡ್ಡು ಕಡಿತ, ಕನ್ವರ್ಟಿಬಲ್‌ನಲ್ಲಿ ರಬ್ಬರೇ ಹೆಚ್ಚು. ಟಾಪಿನ ಬಟ್ಟೆಯನ್ನು ಯಾವ ಪಟ್ಟಿಗೆ ಸೇರಿಸ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್‌ಆನ್ ಬೇಕೇ ಬೇಕು. ಪಂಪ್‌ವೆಲ್, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ಎಂಜಿನ್ ಒಳಗೆ ನೀರು ಎಳೆದುಕೊಂಡರೆ ಸಾಧಾರಣ ಪಾಲಿಸಿ ಕೈ ಎತ್ತುತ್ತದೆ. ಅದು ಇದ್ದರೂ, ನಿಂತುಹೋದ ಕಾರನ್ನು ನೀರಲ್ಲೇ ಮತ್ತೆ ಸ್ಟಾರ್ಟ್ ಮಾಡಿದರೆ ಕ್ಲೇಮ್ ತಕರಾರಿಗೆ ಬೀಳ್ತದೆ. ಟೈರಿನ ಆಡ್‌ಆನ್ ಕೂಡ ಹಾಕಿಸಿ. ಹೆಚ್ಚಿನ ಕನ್ವರ್ಟಿಬಲ್‌ಗಳಲ್ಲಿ ಸ್ಪೇರ್ ಚಕ್ರಕ್ಕೆ ಜಾಗ ಇರುವುದಿಲ್ಲ, ಕೊಡುವ ಸೀಲೆಂಟ್ ಮೊಳೆಯ ತೂತಿಗೆ ಮಾತ್ರ ಆಗ್ತದೆ. ಉದಾಹರಣೆಗೆ ಝಡ್4ನ ಮುಂದಿನ ಟೈರು 255/35, ಅಂದರೆ ಟೈರಿನ ಗೋಡೆ ಬರೀ 89 ಮಿ.ಮೀ. ಮಳೆ ಮುಗಿದ ಮೇಲಿನ ಗುಂಡಿಗೆ ಬಿದ್ದು ಅದು ಸೀಳಿದರೆ ಟೋಯಿಂಗೇ ಗತಿ.

ಉಡುಪಿ ಟಾಪ್‌ಡೌನ್:

ರ‍್ಯಾಂಪಿನ ಪ್ರಶ್ನೆ ಬಾಕಿ ಉಂಟು. ಕಾರು ತಾಗುವುದು ಹೆಚ್ಚಾಗಿ ಎರಡು ಕಡೆ: ಕೆಳಗೆ ರ‍್ಯಾಂಪ್ ಮುಗಿದು ಸಮತಟ್ಟು ಶುರುವಾಗುವಲ್ಲಿ ಮುಂದಿನ ಬಂಪರ್, ಮೇಲೆ ರ‍್ಯಾಂಪ್ ಶುರುವಾಗುವ ಏಣಿನ (ಉಬ್ಬಿನ) ಹತ್ತಿರ ಹೊಟ್ಟೆ. ಸಿಎಲ್‌ಇಯಂಥ ಉದ್ದ ಕಾರಿಗೆ ಹೊಟ್ಟೆಯ ಚಿಂತೆಯೇ ಹೆಚ್ಚು. ಪಟ್ಟಿ ಹಿಡಿದು ಲೆಕ್ಕ ಹಾಕುವುದಕ್ಕಿಂತ ಶೋರೂಂನವರಿಗೆ ಡೆಮೊ ಕಾರನ್ನು ನಿಮ್ಮ ಬೇಸ್‌ಮೆಂಟಿಗೇ ತರಲಿಕ್ಕೆ ಹೇಳಿ. ನಾಲ್ಕೂ ಜನ ಕೂತು ಇಳಿಸಿ, ಹತ್ತಿಸಿ. ಖಾಲಿ ಕಾರು ತಾಗದಿದ್ದರೂ ತುಂಬಿದ ಕಾರು ತಾಗಬಹುದು. ಸ್ವಲ್ಪವೇ ತಾಗುವುದಾದರೆ ರ‍್ಯಾಂಪಿಗೆ ಓರೆಯಾಗಿ ಬಂದು ಒಂದೊಂದೇ ಚಕ್ರ ಹತ್ತಿಸಿದರೆ ಬಚಾವಾಗ್ತದೆ. ರ‍್ಯಾಂಪ್ ಅಗಲ ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಅದೇ ದಿನ ಮಗನ ಚೈಲ್ಡ್ ಸೀಟನ್ನು ಹಿಂದೆ ಸಿಕ್ಕಿಸಿ ನೋಡಿ, ಟಾಪ್ ಮುಚ್ಚಿಕೊಂಡೇ. ತೆರೆದಾಗ ಯಾರು ಬೇಕಾದರೂ ಸಿಕ್ಕಿಸ್ತಾರೆ. ಮಳೆಯಲ್ಲಿ, ಮುಂದಿನ ಸೀಟು ಬಗ್ಗಿಸಿ, ಸಂದಿಯಲ್ಲಿ ಸೊಂಟ ಬಗ್ಗಿಸಿ ಬಕಲ್ ಹಾಕುವುದು ನಿಮ್ಮ ಹೆಂಡತಿಗೆ ಆಗ್ತದಾ ಅಂತ ಅವರೇ ಮಾಡಿ ನೋಡಲಿ. ಪಕ್ಕದ ಕಾರು ನಿಂತಿರುವಾಗಲೇ ಬಾಗಿಲು ತೆರೆದು ನೋಡಿ, ಎರಡು ಬಾಗಿಲಿನ ಕಾರಿನ ಬಾಗಿಲು ಬಲು ಉದ್ದ. ಮಗಳಿಗೆ ಬೂಸ್ಟರ್ ಬೇಕಾ ಅನ್ನುವುದನ್ನು ವಯಸ್ಸಿನಿಂದ ಅಲ್ಲ, ಬೆಲ್ಟ್ ಎಲ್ಲಿ ಕೂರ್ತದೆ ಅನ್ನುವುದರಿಂದ ನಿರ್ಧರಿಸಿ. ಭುಜದ ಮಧ್ಯದಲ್ಲಿ ಹಾದುಹೋಗಬೇಕು. ಕುತ್ತಿಗೆಗೆ ತಾಗಿದರೆ ಬೂಸ್ಟರ್ ಬೇಕು.

ಬಿಜೈ ಡ್ರೈವರ್:

ಡೆಮೊ ಕಾರು ಮನೆಗೇ ತರಲಿಕ್ಕೆ ಹೇಳ್ತೇನೆ, ಚೈಲ್ಡ್ ಸೀಟೂ ತೆಗೆದಿಡ್ತೇನೆ. ರ‍್ಯಾಂಪಿನ ಮೇಲಿನ ಏಣನ್ನು ಕಡಿಯಲಿಕ್ಕೆ ಅಸೋಸಿಯೇಷನ್ ಒಪ್ಪಬಹುದಾ ಅಂತಲೂ ಕೇಳಿ ನೋಡ್ತೇನೆ.

ಉಡುಪಿ ಟಾಪ್‌ಡೌನ್:

ಕಡಿಯುವುದಕ್ಕಿಂತ ಏಣಿನ ಎರಡೂ ಬದಿಗೆ ಕಾಂಕ್ರೀಟ್ ತುಂಬಿ ಇಳಿಜಾರು ಉದ್ದ ಮಾಡಿಸುವುದು ಒಳ್ಳೆಯದು. ಮಳೆನೀರು ಬೇಸ್‌ಮೆಂಟಿಗೆ ಇಳಿಯದಿರಲಿ ಅಂತಲೇ ಆ ಏಣನ್ನು ಎತ್ತರಿಸಿರ್ತಾರೆ. ಕಡಿದರೆ ಜೂನ್‌ನಲ್ಲಿ ಎಲ್ಲರ ಕಾರಿಗೂ ನೀರು.