ಸಹಾಯ ಬೇಕು: ಉಡುಪಿ, ಮಂಗಳೂರಿನ ಹಳೆಯ ಬ್ಯಾಂಕ್ ಪಾಸ್‌ಬುಕ್ ಯಾರ ಮನೆಯಲ್ಲಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಬ್ರಿಟಿಷರ ಕಾಲದ ನಮ್ಮ ಕರಾವಳಿ ಬ್ಯಾಂಕುಗಳ ಬಗ್ಗೆ ಶಾಲೆಯಲ್ಲಿ ಪ್ರದರ್ಶನ ಮಾಡುತ್ತಿದ್ದೇನೆ. ಆಗ ನಾವು ಮದ್ರಾಸ್ ಪ್ರಾಂತ್ಯದವರು. 1843ರಲ್ಲಿ ಶುರುವಾದ ಬ್ಯಾಂಕ್ ಆಫ್ ಮದ್ರಾಸ್ ಇತ್ತು, ನಿಜ. ಆದರೆ ಸಣ್ಣ ಅಂಗಡಿಯವರಿಗೆ, ರೈತರಿಗೆ ಹೆಚ್ಚಾಗಿ ಸಾಹುಕಾರರ ಬಾಗಿಲೇ ಗತಿ.

1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕ್ ತೆರೆದರು. ಮೊದಲ ದಿನ ಸೇರಿದ ಹಣ 38 ರೂಪಾಯಿ, 13 ಆಣೆ, 2 ಪೈ! ಇದನ್ನು ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. ಅದೇ ಇಂದಿನ ಕೆನರಾ ಬ್ಯಾಂಕ್.

ಅಜ್ಜ, ಮುತ್ತಜ್ಜನ ಪೆಟ್ಟಿಗೆಯಲ್ಲಿ 1930ಕ್ಕಿಂತ ಹಿಂದಿನ ಪಾಸ್‌ಬುಕ್, ಷೇರು ಪತ್ರ, ರಸೀದಿ ಏನಾದರೂ ಸಿಕ್ಕರೆ ಒಂದು ಫೋಟೋ ತೆಗೆದು ಕಳಿಸುತ್ತೀರಾ? ಹೆಸರು, ಖಾತೆ ನಂಬರ್ ಮುಚ್ಚಿದರೂ ಪರವಾಗಿಲ್ಲ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.