ಪ್ರಶ್ನೋತ್ತರ: ಟ್ರಕ್ಕಿನಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಟ್ರಕ್ ಓಡಿಸಲು ಶುರುಮಾಡಿ ಎಂಟು ತಿಂಗಳಾಯಿತು. ಹೋದ ತಿಂಗಳು ರಾತ್ರಿ ಹೆದ್ದಾರಿಯ ಇಳಿದಾರಿಯ ಪಕ್ಕ ನಿಲ್ಲಿಸಿ ಮಲಗಿದ್ದಾಗ ಯಾರೋ ಟ್ರೇಲರಿನ ಬೀಗ ಹಿಡಿದು ಅಲುಗಾಡಿಸಿದರು. ಅಂದಿನಿಂದ ನಿದ್ದೆ ಹತ್ತುತ್ತಿಲ್ಲ. ಮುಂದಿನ ವಾರ ನ್ಯೂಜೆರ್ಸಿಗೆ ಲೋಡ್ ಇದೆ. ಟೆಕ್ಸಾಸ್‌ನಲ್ಲಿ ಪರವಾನಗಿಯೇ ಬೇಡವಂತೆ. ಒಂದು ಪಿಸ್ತೂಲು ಕೊಂಡು ಕ್ಯಾಬಿನಲ್ಲಿ ಇಟ್ಟುಕೊಳ್ಳಲೇ? ಟ್ರಕ್ ಚಾಲಕರಿಗೆ ಬಂದೂಕು ನಿಷೇಧ ಎಂದು ಒಬ್ಬರು ಹೇಳಿದರೆ, ಹಾಗೇನೂ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ನಮಸ್ಕಾರ. ಹದಿನಾರು ವರ್ಷ ಅಮೆರಿಕದ ಉದ್ದಗಲಕ್ಕೂ ಟ್ರಕ್ ಓಡಿಸಿ, ಈಗ ಹೊಸ ಚಾಲಕರಿಗೆ ಸುರಕ್ಷತೆಯ ತರಬೇತಿ ಕೊಡುತ್ತಿದ್ದೇನೆ. ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು. ಆದರೂ ಈ ಲೋಡಿಗೆ ಪಿಸ್ತೂಲು ಒಯ್ಯಬೇಡಿ.

ಸಂಘೀಯ ಸಾರಿಗೆ ನಿಯಮಗಳಲ್ಲಿ ಟ್ರಕ್ ಚಾಲಕರಿಗೆ ಬಂದೂಕು ನಿಷೇಧ ಎಂದು ಎಲ್ಲಿಯೂ ಇಲ್ಲ. ಆ ಮಟ್ಟಿಗೆ ನಿಮ್ಮ ಎರಡನೆಯ ಸ್ನೇಹಿತರು ಹೇಳಿದ್ದು ಸರಿ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದ, ಕಾನೂನಿನ ಅಡ್ಡಿಯಿಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು ಎಂಬುದೂ ನಿಜ. ಆದರೆ ಆ ಅನುಮತಿ ಟೆಕ್ಸಾಸ್ ಗಡಿ ದಾಟಿ ನಿಮ್ಮ ಜೊತೆ ಬರುವುದಿಲ್ಲ. ನ್ಯೂಜೆರ್ಸಿಗೆ ನೀವು ಬಹುಶಃ ಐ-81 ಹಿಡಿಯುತ್ತೀರಿ. ಆ ರಸ್ತೆ ಮೇರಿಲ್ಯಾಂಡ್‌ನಲ್ಲಿ ಓಡುವುದು ಬರೀ 12 ಮೈಲಿ, ಕಾಲು ಗಂಟೆಯೂ ಹಿಡಿಯುವುದಿಲ್ಲ. ಆದರೆ ಮೇರಿಲ್ಯಾಂಡ್ ಹೊರರಾಜ್ಯದ ಯಾವ ಪರವಾನಗಿಯನ್ನೂ ಮಾನ್ಯ ಮಾಡುವುದಿಲ್ಲ. ಸೀಟಿನ ಪಕ್ಕ ಗುಂಡು ತುಂಬಿದ ಪಿಸ್ತೂಲು ಇದ್ದರೆ ಆ 12 ಮೈಲಿಯೂ ನೀವು ಅಪರಾಧಿ. ನ್ಯೂಜೆರ್ಸಿಯದು ಇನ್ನೂ ಕಠಿಣ. ಅಲ್ಲಿ ಪರವಾನಗಿಯಿಲ್ಲದೆ ಕೈಬಂದೂಕು ಸಿಕ್ಕರೆ ಸಾಮಾನ್ಯವಾಗಿ ಮೂರೂವರೆ ವರ್ಷ ಪೆರೋಲ್ ಕೂಡ ಸಿಗದ ಜೈಲುವಾಸ ಎಂದು ಕಾನೂನೇ ಹೇಳುತ್ತದೆ.

ನೀವು ಗ್ರೀನ್ ಕಾರ್ಡ್ ಎಂದಿರಿ. ಗ್ರೀನ್ ಕಾರ್ಡ್ ಇದ್ದವರು ಬಂದೂಕು ಕೊಳ್ಳಬಹುದು. ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೊಂದೇ ಸಾಕು. ಇಲ್ಲೇ ಹುಟ್ಟಿದ ಚಾಲಕ ದಂಡ ಕಟ್ಟಿ ಮನೆಗೆ ಹೋಗುವ ಪ್ರಕರಣದಲ್ಲಿ ನೀವು ಮನೆಯನ್ನೇ ಕಳೆದುಕೊಳ್ಳಬಹುದು. ಇದನ್ನು ನಿಮಗೆ ಬಂದೂಕಿನ ಅಂಗಡಿಯವರು ಹೇಳುವುದಿಲ್ಲ. ಎಚ್-1ಬಿ, ಎಚ್-4 ವೀಸಾದವರಿಗಂತೂ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಹೊಂದುವುದೇ ಸಂಘೀಯ ಅಪರಾಧ.

ಅದೇ ಸದಸ್ಯರು: ಗುಂಡು ತೆಗೆದು, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಯಾವ ರಾಜ್ಯವನ್ನಾದರೂ ದಾಟಬಹುದು ಎಂಬ ಸಂಘೀಯ ಕಾನೂನು ಇದೆಯಲ್ಲ ಸರ್?

ಉತ್ತರ: ಇದೆ, 1986ರದು. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಹೊಂದುವ, ಒಯ್ಯುವ ಹಕ್ಕು ನಿಮಗಿದ್ದರೆ ನಡುವಿನ ರಾಜ್ಯಗಳನ್ನು ದಾಟಬಹುದು. ಬಂದೂಕಿನಲ್ಲಿ ಗುಂಡು ಇರಬಾರದು, ಬಂದೂಕಾಗಲಿ ಗುಂಡಾಗಲಿ ಕೈಗೆಟುಕುವಂತಿರಬಾರದು. ನೀವು ತಲುಪುವ ಜಾಗವೇ ನ್ಯೂಜೆರ್ಸಿ, ಅಲ್ಲಿ ಒಯ್ಯುವ ಹಕ್ಕು ನಿಮಗಿಲ್ಲ. ಹಾಗಾಗಿ ಈ ಕಾನೂನು ನಿಮ್ಮ ಕೈ ಹಿಡಿಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ ನೋಡಿ. ಕಾರಿಗೆ ಡಿಕ್ಕಿ ಇರುತ್ತದೆ, ಸೀಟಿನ ಹಿಂದೆ ಹಾಸಿಗೆಯಿರುವ ಸ್ಲೀಪರ್ ಕ್ಯಾಬಿಗೆ ಅದಿಲ್ಲ. ಹೊರಗಿನಿಂದ ತೆರೆಯುವ ಸಾಮಾನು ಪೆಟ್ಟಿಗೆ ಇದೆಯಲ್ಲ ಎನ್ನಬಹುದು. ಬಹಳಷ್ಟು ಟ್ರಕ್‌ಗಳಲ್ಲಿ ಹಾಸಿಗೆಯ ಹಲಗೆ ಎತ್ತಿದರೆ ಅದೇ ಪೆಟ್ಟಿಗೆ ಒಳಗಿನಿಂದಲೂ ಕೈಗೆ ಸಿಗುತ್ತದೆ. ಆದ್ದರಿಂದ ಬೀಗ ಹಾಕಿದ ಬೇರೆ ಪೆಟ್ಟಿಗೆ ಬೇಕೇ ಬೇಕು. ಹಾಗೆ ಬೀಗದೊಳಗೆ, ಗುಂಡು ಬೇರೆ ಪಿಸ್ತೂಲು ಬೇರೆ ಇಟ್ಟರೆ ನಡುರಾತ್ರಿ ಅದು ಯಾರನ್ನು ಕಾಯುತ್ತದೆ?

ನಿಮ್ಮ ಕಂಪನಿಯ ನಿಯಮವನ್ನೂ ಓದಿ. ಹೆಚ್ಚಿನ ಕಂಪನಿಗಳು ಟ್ರಕ್ಕಿನಲ್ಲಿ ಆಯುಧ ಕಂಡರೆ ಕೆಲಸದಿಂದ ತೆಗೆಯುತ್ತವೆ. ಟ್ರಕ್ ಸ್ವಂತದ್ದಾದರೂ ಕಂಪನಿಯೊಂದಕ್ಕೆ ಲೀಸ್ ಕೊಟ್ಟಿದ್ದರೆ ಅವರ ನಿಯಮವೇ ನಡೆಯುವುದು. ಅಂಚೆಯ ಲೋಡ್ ಸಿಕ್ಕರೆ ಅಂಚೆ ಇಲಾಖೆಯ ಪಾರ್ಕಿಂಗ್ ಜಾಗಕ್ಕೂ ಬಂದೂಕು ಒಯ್ಯುವಂತಿಲ್ಲ. ಕೆನಡಾ, ಮೆಕ್ಸಿಕೊ ಕಡೆ ಹೋಗುವವರು ಸೀಟಿನ ಕೆಳಗೆ ಉರುಳಿಬಿದ್ದ ಒಂದೇ ಒಂದು ಗುಂಡೂ ಉಳಿಯದಂತೆ ನೋಡಿಕೊಳ್ಳಬೇಕು.

ಇನ್ನೊಬ್ಬ ಸದಸ್ಯೆ: ನನ್ನ ಯಜಮಾನರು ಟ್ರಕ್ ಓಡಿಸುತ್ತಾರೆ. ಅವರ ಹತ್ತಿರ ನಮ್ಮ ರಾಜ್ಯದ ಪರವಾನಗಿ ಇದೆ, ರಾಜ್ಯದ ಒಳಗೇ ಓಡಿಸುವುದು. ದಿಂಬಿನ ಕೆಳಗೆ ಪಿಸ್ತೂಲು ಇಟ್ಟು ಮಲಗುತ್ತಾರೆ. ನನಗೆ ಅದೇ ಹೆದರಿಕೆ.

ಉತ್ತರ: ಅಮ್ಮ, ನಿಮ್ಮ ಹೆದರಿಕೆ ಸರಿಯಾದದ್ದೇ. ಕಾನೂನು ಅವರ ಪರವಾಗಿರಬಹುದು. ಆದರೆ ಹನ್ನೊಂದು ಗಂಟೆ ಓಡಿಸಿ ಮಲಗಿದವನಿಗೆ ಎಚ್ಚರವಾದ ಮೊದಲ ಅರ್ಧ ನಿಮಿಷ ತಾನೆಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ.

ಒಮ್ಮೆ ರಾತ್ರಿ ಎರಡು ಗಂಟೆಗೆ ನನ್ನ ಕ್ಯಾಬಿನ ಬಾಗಿಲನ್ನು ಯಾರೋ ದಬದಬ ಬಡಿದರು. ಪರದೆ ಸರಿಸಿದರೆ ಟಾರ್ಚಿನ ಬೆಳಕು ನೇರ ಕಣ್ಣಿಗೆ. ಹಿಂದೆ ಯಾರಿದ್ದಾರೆ, ಕೈಯಲ್ಲಿ ಏನಿದೆ, ಒಂದೂ ಕಾಣದು. ಕೈ ತಾನಾಗಿ ಟೈರು ಬಡಿದು ನೋಡುವ ದೊಣ್ಣೆಯ ಕಡೆ ಹೋಯಿತು. ಆತ ಪಕ್ಕದ ಟ್ರಕ್ಕಿನ ಚಾಲಕ, ವಯಸ್ಸಾದವರು. ನನ್ನ ಟ್ರೇಲರಿನ ಶೀತಲ ಯಂತ್ರದ ಟ್ಯಾಂಕಿನಿಂದ ಡೀಸೆಲ್ ಸೋರಿ ಅವರ ಚಕ್ರದವರೆಗೆ ಹರಿದಿತ್ತು. ಅದನ್ನು ಹೇಳಲು ಚಳಿಯಲ್ಲಿ ಎದ್ದು ಬಂದಿದ್ದರು. ಆ ಹೊತ್ತು ದಿಂಬಿನ ಕೆಳಗೆ ಪಿಸ್ತೂಲು ಇದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ. ರಾತ್ರಿ ಬಾಗಿಲು ಬಡಿಯುವವರು ಬಹುಪಾಲು ಇಂಥವರೇ: ಕಾವಲುಗಾರರು, ಪೊಲೀಸರು, ಬಂಪರ್ ತಾಗಿಸಿದ ಚಾಲಕರು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಮೊದಲ ಸದಸ್ಯರು: ಹಾಗಾದರೆ ಬರಿಗೈಯಲ್ಲಿ ಹೋಗಬೇಕೇ ಸರ್?

ಉತ್ತರ: ಎಲ್ಲಿ ನಿಲ್ಲಿಸುತ್ತೀರಿ ಎಂಬುದೇ ಎಲ್ಲಕ್ಕಿಂತ ಮುಖ್ಯ. 2009ರ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಜೇಸನ್ ಎಂಬ ಚಾಲಕರು ಲೋಡ್ ಇಳಿಸುವ ಹೊತ್ತಿಗಿಂತ ಮುಂಚೆ ತಲುಪಿದರು. ಸುರಕ್ಷಿತವಾಗಿ ನಿಲ್ಲಿಸಲು ಜಾಗ ಸಿಗದೆ, ಮುಚ್ಚಿಹೋದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅವರನ್ನು 7 ಡಾಲರಿಗಾಗಿ ಕೊಂದರು. ಅವರ ಹೆಂಡತಿ ಆಗ ಅವಳಿ ಮಕ್ಕಳ ಗರ್ಭಿಣಿ. ಆಕೆ ಪಟ್ಟು ಬಿಡದೆ ಹೋರಾಡಿದ್ದರಿಂದ 2012ರಲ್ಲಿ ಟ್ರಕ್ ನಿಲ್ದಾಣಗಳ ಕೊರತೆ ನೀಗಿಸಲು ಜೇಸನ್ ಕಾಯ್ದೆ ಬಂತು. ಇಷ್ಟು ವರ್ಷವಾದರೂ ಆ ಕೊರತೆ ನೀಗಿಲ್ಲ ಎಂಬುದು ನನಗೆ ಬಹಳ ನೋವಿನ ವಿಷಯ.

ಆದ್ದರಿಂದ ದಿನಕ್ಕೆ ಓಡಿಸಲು ಕಾನೂನು ಬಿಡುವ ಗಂಟೆಗಳು ಮುಗಿಯುವವರೆಗೆ ಕಾಯಬೇಡಿ. ಸಂಜೆ ಕಳೆದರೆ ಟ್ರಕ್ ಸ್ಟಾಪ್‌ಗಳು ತುಂಬಿಬಿಡುತ್ತವೆ. ಎರಡು ಗಂಟೆ ಓಡಿಸುವ ಸಮಯ ಉಳಿದಿದ್ದರೂ ಸರಿ, ಜಾಗ ಸಿಕ್ಕಲ್ಲಿ, ದೀಪದ ಬೆಳಕಿರುವಲ್ಲಿ ನಿಲ್ಲಿಸಿ. ಸಾಧ್ಯವಾದರೆ ಟ್ರೇಲರಿನ ಹಿಂಬಾಗಿಲನ್ನು ಗೋಡೆಗೋ ಇನ್ನೊಂದು ಟ್ರೇಲರಿಗೋ ಒತ್ತಿ ನಿಲ್ಲಿಸಿ. ಮಲಗುವಾಗ ಎರಡೂ ಬಾಗಿಲಿನ ಹಿಡಿಗಳಿಗೆ ಅಡ್ಡಲಾಗಿ ಸರಕು ಬಿಗಿಯುವ ಪಟ್ಟಿ ಕಟ್ಟಿ, ಬೀಗ ಮುರಿದರೂ ಬಾಗಿಲು ತೆರೆಯದು. ಯಾರಾದರೂ ಬಡಿದರೆ ಬಾಗಿಲು ತೆರೆಯಬೇಡಿ, ಗಾಜಿನ ಹಿಂದಿನಿಂದಲೇ ಮಾತನಾಡಿ. ಟ್ರೇಲರಿಗೆ ಕೈ ಹಾಕುವವರು ಕಂಡರೆ ಹಾರ್ನ್ ಬಿಡದೆ ಒತ್ತಿ, 911ಕ್ಕೆ ಕರೆ ಮಾಡಿ ಮೈಲಿಗಲ್ಲಿನ ಸಂಖ್ಯೆ ಹೇಳಿ. ಸರಕಿಗೆ ವಿಮೆ ಇರುತ್ತದೆ, ಅದಕ್ಕಾಗಿ ಕೆಳಗಿಳಿಯಬೇಡಿ.

ನ್ಯೂಜೆರ್ಸಿಯ ಲೋಡ್ ಎಷ್ಟು ಗಂಟೆಗೆ ಇಳಿಸಬೇಕು, ಅಲ್ಲಿ ರಾತ್ರಿ ಒಳಗೆ ನಿಲ್ಲಿಸಲು ಬಿಡುತ್ತಾರೆಯೇ ಎಂದು ಹೊರಡುವ ಮುಂಚೆಯೇ ನಿಮಗೆ ಲೋಡ್ ಹಂಚುವ ಡಿಸ್ಪ್ಯಾಚರ್‌ನ ಬಳಿ ಕೇಳಿ. ಇಲ್ಲ ಎಂದರೆ ಇಲ್ಲಿ ಬರೆಯಿರಿ. ಪೆನ್ಸಿಲ್ವೇನಿಯಾದಲ್ಲಿ ಹಿಂದಿನ ರಾತ್ರಿ ಎಲ್ಲಿ ನಿಲ್ಲಿಸಬಹುದು ಎಂದು ಸೇರಿ ನೋಡೋಣ.