ಶೆಡ್ಡು, ಕೊಟ್ಟಿಗೆಗೆ ಕ್ಯಾಮೆರಾ ಸಾಕಾ, ಅಲಾರಂ ಕೂಡ ಬೇಕಾ?

ತೋಟದಂಚು:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಟ್ರ್ಯಾಕ್ಟರ್ ಶೆಡ್, ಪಕ್ಕದಲ್ಲಿ ದನದ ಕೊಟ್ಟಿಗೆ, ಆಚೆ ಪಂಪ್ ಮನೆ. ಮಧ್ಯೆ ದೊಡ್ಡ ಅಂಗಳ. ಮನೆಯಿಂದ ಶೆಡ್ಡಿಗೆ 150 ಮೀಟರ್ ಆಗಬಹುದು. ವೈಫೈ ಕ್ಯಾಮೆರಾ ಹಾಕಿಸಿದೆ, ಯಾರಾದರೂ ಬಂದರೆ ಫೋನಿಗೆ ಮೆಸೇಜ್ ಬರಲಿ ಅಂತ. ಬರುತ್ತದೆ, ನಾಯಿ ಬಂದರೂ, ಹುಳ ಹಾರಿದರೂ, ಟಾರ್ಪಾಲ್ ಅಲ್ಲಾಡಿದರೂ! ಈಗ ಫೋನ್ ಎಷ್ಟು ಬಡ್ಕೊಂಡರೂ ಎದ್ದು ನೋಡುವುದಿಲ್ಲ. ಕ್ಯಾಮೆರಾ ಬಿಟ್ಟು ಬರೀ ಅಲಾರಂ ಹಾಕಿಸಲಾ?

ವೈರಿಂಗ್ ಕೆಲಸದವ:
ಎರಡೂ ಇರಲಿ ಸರ್, ಆದರೆ ಕೆಲಸ ಹಂಚಿ. ಎಬ್ಬಿಸುವುದು ಸೆನ್ಸರ್, ಬಂದವರು ಯಾರು ಅಂತ ತೋರಿಸುವುದು ಕ್ಯಾಮೆರಾ. ಸೆನ್ಸರ್ ಕೂಗಿದಾಗ ಮಾತ್ರ ಫೋನಿಗೆ ಮೆಸೇಜ್ ಬರುವ ಹಾಗೆ ಸೆಟ್ ಮಾಡಿಸಿ.

ಗೇಟಿಗೆ ಬೀಮ್ ಸೆನ್ಸರ್ ಹಾಕಿ. ಎರಡು ಕಂಬದ ನಡುವೆ ಕಣ್ಣಿಗೆ ಕಾಣದ ಕಿರಣ ಹಾಯುತ್ತದೆ. ಒಂದರ ಮೇಲೊಂದು ಎರಡು ಕಿರಣ ಇರುವಂಥದ್ದೇ ತಗೊಳ್ಳಿ. ಎರಡೂ ಒಟ್ಟಿಗೆ ಕಡಿದರೆ ಮಾತ್ರ ಕೂಗುತ್ತದೆ. ಸೊಂಟದ ಎತ್ತರಕ್ಕೆ ಕೂರಿಸಿದರೆ ನಾಯಿ ಕೆಳಗಿಂದ ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಶೆಡ್ಡಿನ ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ ಸಾಕು, ಬಾಗಿಲು ತೆರೆದು ಮ್ಯಾಗ್ನೆಟ್ ದೂರ ಸರಿದರೆ ಕೂಗುತ್ತದೆ. ತಗಡಿನ ಬಾಗಿಲು ಗಾಳಿಗೆ ಅಲ್ಲಾಡುತ್ತದೆ ಅಲ್ವಾ, ಅದಕ್ಕೆ ಶಟರ್‌ಗೆ ಹಾಕುವ ದಪ್ಪನೆಯದು ಕೇಳಿ. ಸ್ವಲ್ಪ ಸಂದು ಬಿಟ್ಟರೂ ಸುಮ್ನೆ ಇರುತ್ತದೆ.

ಕೊಟ್ಟಿಗೆಯೊಳಗೆ ಮೋಷನ್ ಸೆನ್ಸರ್ ಬೇಡವೇ ಬೇಡ. ಅದು ನೋಡುವುದೇ ಮೈಯ ಬಿಸಿ ಓಡಾಡುವುದನ್ನು. ದನ ಎದ್ದು ನಿಂತರೂ ಸೈರನ್! ಗಂಜಲದಿಂದ ಏಳುವ ಅಮೋನಿಯಾ ತಾಮ್ರದ ಕನೆಕ್ಷನ್‌ಗಳನ್ನೂ ತಿನ್ನುತ್ತದೆ. ಜಾಯಿಂಟ್ ಬಾಕ್ಸ್ ಹೊರಗೋಡೆಗೇ ಇರಲಿ.

ಇನ್ನು ಹುಳದ ಕಾಟ. ಲೆನ್ಸ್ ಮುಂದೆ ಜೇಡ ಒಂದು ಎಳೆ ಕಟ್ಟಿದರೂ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಕ್ಕೆ (ರಾತ್ರಿ ನೋಡಲು ಇರುವ, ಕಣ್ಣಿಗೆ ಕಾಣದ ಬೆಳಕು) ಅದು ಹಗ್ಗದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಕ್ಯಾಮೆರಾದ ದೀಪ ಆಫ್ ಮಾಡಿ, ಸ್ವಲ್ಪ ದೂರದಲ್ಲಿ ಬೇರೆ ಇನ್‌ಫ್ರಾರೆಡ್ ದೀಪ ಹಾಕಿ. ಆಗಾಗ ಪೊರಕೆ ಆಡಿಸುವುದಂತೂ ತಪ್ಪದು.

ಹಳೇ ಪಂಪು:
ಪಂಪ್ ಮನೆಯಲ್ಲಿ ಕಳ್ಳರಿಗೆ ಬೇಕಿರುವುದು ಕೇಬಲ್ಲಿನ ತಾಮ್ರ. ಕೇಬಲ್ ಜೊತೆಗೇ ಒಂದು ಸಣ್ಣ ವೈರ್ ಸುತ್ತಿ ಅಲಾರಂ ಲೂಪಿಗೆ, ಅಂದರೆ ಸದಾ ಕರೆಂಟ್ ಹರಿಯುವ ಅದರ ಸುತ್ತಿಗೆ, ಸೇರಿಸಿ. ಅದನ್ನು ಕತ್ತರಿಸಿದ ಕೂಡಲೇ ಸೈರನ್ ಕೂಗುತ್ತದೆ. ಎಲ್ಲಕ್ಕೂ ಬ್ಯಾಟರಿ ಬ್ಯಾಕಪ್ ಇರಲಿ, ಫ್ಯೂಸ್ ಕಿತ್ತೇ ಒಳಗೆ ಬರುವವರಿದ್ದಾರೆ. ರೆಕಾರ್ಡರ್ ಶೆಡ್ಡಲ್ಲಿಟ್ಟರೆ ಟ್ರ್ಯಾಕ್ಟರ್ ಜೊತೆ ಅದೂ ಹೋಗುತ್ತದೆ, ಮನೆಯಲ್ಲಿಡಿ.

ತೋಟದಂಚು:
ತುಂಬಾ ಥ್ಯಾಂಕ್ಸ್. ವೈಫೈ ಅಲ್ಲಿಗೆ ಸರಿಯಾಗಿ ಸಿಗುವುದಿಲ್ಲ. ನೆಟ್‌ವರ್ಕ್ ಕೇಬಲ್ಲೇ ಎಳೆಸಲಾ?

ವೈರಿಂಗ್ ಕೆಲಸದವ:
ಮಾಮೂಲಿ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. ನಿಮ್ಮದು ಅದಕ್ಕಿಂತ ಜಾಸ್ತಿ, ಫೈಬರ್ (ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆಯ ಕೇಬಲ್) ಎಳೆಸಿ. ಲೋಹದ ತಂತಿ ಇಲ್ಲದ ಫೈಬರ್ ಆದರೆ ಸಿಡಿಲಿನ ಹೊಡೆತ ಅದರ ಮೂಲಕ ಮನೆಗೆ ಬರುವುದಿಲ್ಲ. ಫೈಬರ್‌ನಲ್ಲಿ ಕರೆಂಟ್ ಹೋಗುವುದಿಲ್ಲ, ಹಾಗಾಗಿ ಕ್ಯಾಮೆರಾಗೆ ಕರೆಂಟ್ ಮಾತ್ರ ಶೆಡ್ಡಿನಿಂದಲೇ ಕೊಡಬೇಕಾಗುತ್ತದೆ. ಮತ್ತೆ, ಒಂದು ಕ್ಯಾಮೆರಾ ಗೇಟಿನ ಹತ್ತಿರ ಮುಖದ ಎತ್ತರಕ್ಕೆ ಇರಲಿ. ಸೂರಿನ ಕೆಳಗಿನದರಲ್ಲಿ ಕಾಣುವುದು ಬರೀ ಟೋಪಿ.